ಕಾಳಿ ಹಿನ್ನೀರಿನ ಪಂಜರದಲ್ಲಿ ಏದುಸಿರು ಬಿಡುವ ಮೀನು: ಔಷಧಿಗೆ ಮೊದಲು ಕಿವಿರು ತೆರೆದು ನೋಡಿ

ಪ್ರಶ್ನೆ: ಕಾರವಾರದ ಸಮೀಪ ಕಾಳಿ ನದಿಯ ಹಿನ್ನೀರಿನಲ್ಲಿ ನಾಲ್ಕು ಪಂಜರಗಳಲ್ಲಿ ಸೀಬಾಸ್, ಅಂದರೆ ಕುರುಡಿ ಮೀನು ಸಾಕುತ್ತಿದ್ದೇನೆ. ಮಾರ್ಚ್ ಕೊನೆಯಿಂದ ಮೀನುಗಳು ಮೇವು ಬಿಟ್ಟು, ಬಲೆಯ ಅಂಚಿಗೆ ಬಂದು, ಕಿವಿರಿನ ಮುಚ್ಚಳ ಅಗಲಿಸಿಕೊಂಡು ಏದುಸಿರು ಬಿಡುತ್ತಿವೆ. ದಿನಕ್ಕೆ ಐದಾರು ಸಾಯುತ್ತಿವೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಸಾಲ್ಮನ್ ಸಾಕಣೆಯ ಕೆಲಸದಲ್ಲಿರುವ ನನ್ನ ಅಣ್ಣನ ಮಗ, ಅಲ್ಲಿ ಕಿವಿರಿಗೆ ಅಮೀಬಾ ಹತ್ತುತ್ತದೆ, ಮೀನುಗಳಿಗೆ ಸಿಹಿನೀರಿನ ಸ್ನಾನ ಮಾಡಿಸುತ್ತಾರೆ ಎನ್ನುತ್ತಾನೆ. ಇಲ್ಲಿನ ಪರಿಚಯದವರು ಫಾರ್ಮಲಿನ್ ಸುರಿಯಲು ಹೇಳುತ್ತಾರೆ. ನಮ್ಮದೂ ಅದೇ ರೋಗವೇ? ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪಂಜರದಲ್ಲಿರುವುದು ಸಾಲ್ಮನ್ ಮೀನಿನ ಅಮೀಬಾ ರೋಗ ಎಂದು ಭಾವಿಸಲು ನನಗೆ ಕಾರಣ ಕಾಣುತ್ತಿಲ್ಲ. ಆ ರೋಗ ಹಾವಳಿ ಮಾಡಿರುವುದು ಹೆಚ್ಚಾಗಿ 10ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ತಂಪು ಸಮುದ್ರಗಳಲ್ಲಿ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಪಂಜರದ ನೀರು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೂ ನಿಮ್ಮ ಅಣ್ಣನ ಮಗ ಹೇಳಿದ ಮಾತಿನಲ್ಲಿ ನಿಮಗೆ ನೇರವಾಗಿ ಉಪಯೋಗವಾಗುವ ವಿಷಯ ಬಹಳಷ್ಟಿದೆ, ಫಾರ್ಮಲಿನ್ ಸಲಹೆಯಲ್ಲಿ ಇಲ್ಲ. ಹಾಗೇಕೆ ಎನ್ನುವುದನ್ನು ವಿವರವಾಗಿಯೇ ಹೇಳುತ್ತೇನೆ. ಅದಕ್ಕೂ ಮೊದಲು, ಈ ಉತ್ತರ ಓದಿದ ದಿನವೇ ಜೀವಂತವಿರುವ ಒಂದು ರೋಗಿ ಮೀನನ್ನು ಹಿಡಿದು ಅದರ ಕಿವಿರಿನ ಮುಚ್ಚಳ ಎತ್ತಿ ನೋಡಿ. ನಿಮ್ಮ ಪತ್ರದಲ್ಲಿ ಎಲ್ಲ ಲಕ್ಷಣಗಳೂ ಇವೆ, ಕಿವಿರು ಯಾವ ಬಣ್ಣದಲ್ಲಿತ್ತು ಎಂಬ ಒಂದು ವಿಷಯ ಮಾತ್ರ ಇಲ್ಲ.

ಮೊದಲಿಗೆ ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ನಮ್ಮ ಮಾರುಕಟ್ಟೆಯಲ್ಲಿ ರಾವಸ ಮೀನನ್ನು ಇಂಡಿಯನ್ ಸಾಲ್ಮನ್ ಎಂದು ಮಾರುವುದುಂಟು. ಅದಕ್ಕೂ ಟಾಸ್ಮೇನಿಯಾದಲ್ಲಿ ಸಾಕುವ ಅಟ್ಲಾಂಟಿಕ್ ಸಾಲ್ಮನ್‌ಗೂ ಸಂಬಂಧವಿಲ್ಲ. ಹಾಗೆಯೇ ಯುರೋಪಿನ ಸೀಬಾಸ್‌ಗೆ ಇಂಥ ಅಮೀಬಾ ತಗುಲಿದ ದಾಖಲೆಗಳಿವೆ, ಆದರೆ ಅದು ನಮ್ಮ ಕುರುಡಿಗಿಂತ ಬೇರೆ ಕುಟುಂಬದ ಮೀನು. ಹೆಸರು ಒಂದೇ ಎಂದು ಔಷಧಿಯನ್ನೂ ಒಂದೇ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ಟಾಸ್ಮೇನಿಯಾದಲ್ಲಿ ಸಾಲ್ಮನ್ ಸಾಕಣೆ ಆರಂಭವಾದ 1980ರ ದಶಕದ ಮಧ್ಯದಲ್ಲಿಯೇ ಈ ಕಿವಿರು ರೋಗವೂ ಕಾಣಿಸಿಕೊಂಡಿತು. ಹಲವು ವರ್ಷಗಳ ಕಾಲ ಬೇರೊಂದು ಅಮೀಬಾವನ್ನು ಅದಕ್ಕೆ ಕಾರಣವೆಂದು ನಂಬಲಾಗಿತ್ತು. ರೋಗಿ ಮೀನಿನ ಕಿವಿರಿನಿಂದಲೇ ಎತ್ತಿದ ಹೊಸ ಪ್ರಭೇದಕ್ಕೆ ನಿಯೋಪಾರಮೀಬಾ ಪೆರುರಾನ್ಸ್ ಎಂಬ ಹೆಸರು ಬಂದದ್ದು 2007ರಲ್ಲಿ, ಅದನ್ನು ಪ್ರತ್ಯೇಕವಾಗಿ ಬೆಳೆಸಿ ಆರೋಗ್ಯವಂತ ಮೀನಿಗೆ ಹತ್ತಿಸಿ ರೋಗಕ್ಕೆ ಅದೇ ಕಾರಣವೆಂದು ಸಿದ್ಧಪಡಿಸಿದ್ದು 2012ರಲ್ಲಿ. ಅಷ್ಟರಲ್ಲಿ ಅದು ಐರ್ಲೆಂಡ್, ಸ್ಕಾಟ್ಲೆಂಡ್, ನಾರ್ವೆ, ಚಿಲಿ ದೇಶಗಳ ಸಾಕಣೆಗಳಲ್ಲೂ ಕಾಣಿಸಿಕೊಂಡಿತ್ತು. ಈ ಅಮೀಬಾ ಮೀನಿಲ್ಲದೆಯೂ ಸಮುದ್ರದ ನೀರಿನಲ್ಲಿ ಸ್ವತಂತ್ರವಾಗಿ ಬದುಕಬಲ್ಲದು. ಆದ್ದರಿಂದ ಒಮ್ಮೆ ಪಂಜರವನ್ನು ಶುದ್ಧ ಮಾಡಿದರೂ ಸುತ್ತಲಿನ ನೀರಿನಿಂದ ಮತ್ತೆ ಬರುತ್ತದೆ. ಇದು ಮನುಷ್ಯರಿಗೆ ಹತ್ತುವ ರೋಗವಲ್ಲ.

ರೋಗ ಮೀನನ್ನು ಕೊಲ್ಲುವ ಬಗೆ ತಿಳಿದುಕೊಳ್ಳಲು ಕಿವಿರಿನ ರಚನೆ ಗೊತ್ತಿರಬೇಕು. ಮೀನಿನ ತಲೆಯ ಪ್ರತಿ ಬದಿಯಲ್ಲಿ ನಾಲ್ಕು ಕಮಾನುಗಳು, ಪ್ರತಿ ಕಮಾನಿನಿಂದ ಸಾಲಾಗಿ ಹೊರಟ ಕೆಂಪು ಎಳೆಗಳು. ಒಂದು ಎಳೆಯನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಅದು ಅಡಿಕೆ ಸೋಗೆಯ ಹಾಗೆ ಕಾಣುತ್ತದೆ: ನಡುವೆ ದಿಂಡು, ಎರಡೂ ಪಕ್ಕಕ್ಕೆ ಒತ್ತೊತ್ತಾಗಿ ಗರಿಗಳು. ಆ ಗರಿಗಳ ಚರ್ಮ ಎಷ್ಟು ತೆಳುವೆಂದರೆ ನೀರಿನ ಆಮ್ಲಜನಕ ಅದರ ಮೂಲಕವೇ ರಕ್ತಕ್ಕೆ ದಾಟುತ್ತದೆ, ಗರಿ ಗರಿಗಳ ನಡುವಿನ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ. ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟಿರುವ ಅಮೀಬಾ ಅಲ್ಲಿ ಕುಳಿತಾಗ ಅದು ರಕ್ತ ಹೀರುವುದಿಲ್ಲ, ಒಳಗೆ ಕೊರೆಯುವುದೂ ಇಲ್ಲ. ಕಿವಿರೇ ತನ್ನನ್ನು ಕಾಪಾಡಿಕೊಳ್ಳಲು ಲೋಳೆ ಸುರಿಸುತ್ತದೆ, ಚರ್ಮದ ಕೋಶಗಳನ್ನು ಪದರದ ಮೇಲೆ ಪದರವಾಗಿ ಬೆಳೆಸುತ್ತದೆ. ಕೊನೆಗೆ ಗರಿಗಳು ಒಂದಕ್ಕೊಂದು ಅಂಟಿ ಸಂದಿಯೇ ಮುಚ್ಚಿಹೋಗುತ್ತದೆ. ಬರಿಗಣ್ಣಿಗೆ ಆ ಜಾಗ ಕೆಂಪು ಕಿವಿರಿನ ಮೇಲೆ ಬೆಳ್ಳಗಿನ, ಉಬ್ಬಿದ, ಲೋಳೆ ಮೆತ್ತಿದ ಮಚ್ಚೆಯಾಗಿ ತೋರುತ್ತದೆ.

ಈ ಮಚ್ಚೆಗಳನ್ನು ಎಣಿಸುವ ಒಂದು ಪದ್ಧತಿಯನ್ನು ಟಾಸ್ಮೇನಿಯಾದ ಸಾಕಣೆದಾರರು ರೂಢಿಸಿಕೊಂಡಿದ್ದಾರೆ, ನಾವು ಅವರಿಂದ ಕಲಿಯಬೇಕಾದ ಮುಖ್ಯ ವಿಷಯ ಇದೇ ಎಂದು ನನ್ನ ಅಭಿಪ್ರಾಯ. ನಿಗದಿತ ದಿನಗಳಿಗೊಮ್ಮೆ ಪ್ರತಿ ಪಂಜರದಿಂದ ಕೆಲವು ಮೀನುಗಳನ್ನು ಎತ್ತಿ, ಮಂಪರು ಬರಿಸಿ, ಎರಡೂ ಬದಿಯ ಕಿವಿರು ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಮಚ್ಚೆಯೇ ಇಲ್ಲದಿದ್ದರೆ ಸೊನ್ನೆ; ಒಂದು ಮಚ್ಚೆ ಅಥವಾ ನಸು ಗೆರೆ ಕಂಡರೆ 1; ಎರಡು ಮೂರು ಮಚ್ಚೆಗೆ 2; ಲೋಳೆಯ ದಪ್ಪ ತೇಪೆ ಕಿವಿರಿನ ಐದನೇ ಒಂದು ಭಾಗದವರೆಗೆ ಹಬ್ಬಿದ್ದರೆ 3; ಅರ್ಧದವರೆಗೆ ಹಬ್ಬಿದ್ದರೆ 4; ಹೆಚ್ಚಿನ ಭಾಗವನ್ನು ಆವರಿಸಿದ್ದರೆ 5. ಸರಾಸರಿ ಅಂಕ ಏರುತ್ತಿರುವಾಗಲೇ, ಮೀನು ಇನ್ನೂ ಮೇವು ತಿನ್ನುತ್ತಿರುವಾಗಲೇ, ಚಿಕಿತ್ಸೆಯ ದಿನ ಗೊತ್ತುಮಾಡುತ್ತಾರೆ. ಏದುಸಿರು ಕಾಣುವವರೆಗೆ ಕಾದರೆ ಆ ಮೀನು ಚಿಕಿತ್ಸೆಗಾಗಿ ಹಿಡಿಯುವ ಶ್ರಮವನ್ನೇ ತಡೆದುಕೊಳ್ಳದು. ನಿಮ್ಮ ನಾಲ್ಕು ಪಂಜರಗಳಿಗೆ ಈ ಕೆಲಸ ವಾರಕ್ಕೊಮ್ಮೆ ಒಂದು ಬೆಳಗಿನ ಹೊತ್ತು ಹಿಡಿದೀತು, ಒಂದು ನೋಟ್‌ಬುಕ್ ಸಾಕು.

ಚಿಕಿತ್ಸೆಯೆಂದರೆ ನಿಮ್ಮ ಅಣ್ಣನ ಮಗ ಹೇಳಿದ ಸಿಹಿನೀರಿನ ಸ್ನಾನವೇ. ಪಂಜರದೊಳಗೆ ದೊಡ್ಡ ಟಾರ್ಪಾಲಿನ್ ಚೀಲ ಇಳಿಸಿ ಅಥವಾ ನೀರು ತುಂಬಿದ ಹಡಗಿನ ತೊಟ್ಟಿಗೆ ಮೀನುಗಳನ್ನು ಎತ್ತಿಕೊಂಡು ಎರಡರಿಂದ ನಾಲ್ಕು ಗಂಟೆ ಸಿಹಿನೀರಿನಲ್ಲಿ ಇಡುತ್ತಾರೆ. ಉಪ್ಪುನೀರಿಗೆ ಒಗ್ಗಿದ ಅಮೀಬಾ ಸಿಹಿನೀರಿನಲ್ಲಿ ನೀರು ಕುಡಿದು ಉಬ್ಬಿ ಒಡೆಯುತ್ತದೆ, ಜೊತೆಗೆ ಲೋಳೆಯೂ ತೊಳೆದುಹೋಗುತ್ತದೆ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗುವ ಮೀನಾದ್ದರಿಂದ ಅದು ತಾಳಿಕೊಳ್ಳುತ್ತದೆ. ಆದರೆ ಅಂಟಿಕೊಂಡ ಗರಿಗಳ ಸಂದಿಯಲ್ಲಿ ಕೆಲವು ಅಮೀಬಾಗಳು ಉಳಿಯುತ್ತವೆ, ಕೆಲವು ಸಮುದ್ರದಿಂದ ಮತ್ತೆ ಬರುತ್ತವೆ. ಆದ್ದರಿಂದಲೇ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಎಂಬಂತೆ ಸ್ನಾನ ಮರುಕಳಿಸಬೇಕಾಗುತ್ತದೆ. ಸ್ಕಾಟ್ಲೆಂಡ್, ನಾರ್ವೆಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬಳಸುತ್ತಾರೆ. ಅದು ತಂಪು ನೀರಿನ ಔಷಧಿ. ನೀರು 13–14 ಡಿಗ್ರಿ ದಾಟಿದರೆ ಸಾಲ್ಮನ್ ಮೀನಿಗೇ ಅಪಾಯ. ಅದನ್ನು ಕಾರವಾರದ 30 ಡಿಗ್ರಿ ನೀರಿನಲ್ಲಿ ಯಾರೂ ಪ್ರಯೋಗಿಸಬಾರದು ಎಂದು ಕೈಮುಗಿದು ಕೇಳುತ್ತೇನೆ.

ಟಾಸ್ಮೇನಿಯಾದ ಪಶ್ಚಿಮ ತೀರದಲ್ಲಿ ಮ್ಯಾಕ್ವಾರಿ ಹಾರ್ಬರ್ ಎಂಬ ದೊಡ್ಡ ಅಳಿವೆಯಿದೆ. ಗಾರ್ಡನ್ ಮತ್ತು ಕಿಂಗ್ ನದಿಗಳ ಸಿಹಿನೀರು ಅಲ್ಲಿ ಮೇಲ್ಪದರವಾಗಿ ನಿಲ್ಲುವುದರಿಂದ ಅಲ್ಲಿನ ಪಂಜರಗಳಲ್ಲಿ ಅಮೀಬಾ ರೋಗ ತಲೆನೋವಾಗಲಿಲ್ಲ. ಆದರೆ ಅದೇ ಸಿಹಿನೀರಿನ ಪದರ ಕೆಳಗಿನ ಉಪ್ಪುನೀರಿಗೆ ಮುಚ್ಚಳ ಹಾಕಿದಂತಾಗಿ, 2010ರ ದಶಕದಲ್ಲಿ ಸಾಕಣೆ ಹೆಚ್ಚಿದಾಗ ಆಳದ ನೀರಿನಲ್ಲಿ ಆಮ್ಲಜನಕ ತೀವ್ರವಾಗಿ ಕುಸಿದು ದೊಡ್ಡ ವಿವಾದವೇ ಆಯಿತು. ಕಾಳಿಯೂ ಮಳೆಗಾಲದಲ್ಲಿ ಇಂಥದೇ ನದಿ. ಜೂನ್ ನಂತರ ಹೊಳೆಯ ನೀರು ಇಳಿದು ಬಂದಾಗ ಉಪ್ಪುನೀರಿನ ಪರಾವಲಂಬಿಗಳು ತಾವಾಗಿ ಉದುರುತ್ತವೆ, ನಿಮ್ಮ ಮೀನುಗಳಿಗೆ ಹಣ ಖರ್ಚಿಲ್ಲದೆ ಸ್ನಾನವಾಗುತ್ತದೆ. ಅಂಥ ದಿನಗಳಲ್ಲೇ, ಮೇಲೆ ಕೆಸರುನೀರು ಓಡುತ್ತಿದ್ದು ಕೆಳಗೆ ಉಪ್ಪುನೀರು ನಿಂತಾಗ, ಬಲೆಯ ತಳದ ಮೀನಿಗೆ ಉಸಿರು ಸಿಗದೆ ಹೋಗಬಹುದು. ಮಾರ್ಚ್‌ನಿಂದ ಮೇ ವರೆಗೆ ಇದರ ತದ್ವಿರುದ್ಧ: ಹೊಳೆಯ ಹರಿವು ಸೊರಗಿ ಸಮುದ್ರದ ಉಪ್ಪು ಒಳಗೆ ದೂರದವರೆಗೆ ಏರುತ್ತದೆ, ಸಮುದ್ರದ ಪರಾವಲಂಬಿಗಳಿಗೆ ಅದು ಸುಗ್ಗಿ. ನಿಮ್ಮ ಮೀನುಗಳು ಕಾಯಿಲೆ ಬಿದ್ದ ಕಾಲವೂ ಅದೇ.

ಹಾಗಾದರೆ ನಿಮ್ಮಲ್ಲಿ ಇರಬಹುದಾದದ್ದು ಏನು? ನಮ್ಮ ಕರಾವಳಿಯ ಸೀಬಾಸ್ ಕಿವಿರಿನಲ್ಲಿ ನಾನು ಮೊದಲು ಹುಡುಕುವುದು ಲರ್ನಾಂತ್ರೋಪಸ್ ಎಂಬ, ಸೀಗಡಿಯ ದೂರದ ನೆಂಟನಾದ, ಕೆಲವೇ ಮಿಲಿಮೀಟರ್ ಉದ್ದದ ಜೀವಿಯನ್ನು. ಅದು ಎಳೆಗಳನ್ನು ತಬ್ಬಿ ಹಿಡಿದು ರಕ್ತ ಕುಡಿಯುತ್ತದೆ, ಹಿಂದೆ ಎರಡು ತೆಳುವಾದ ಮೊಟ್ಟೆಯ ದಾರಗಳನ್ನು ಇಳಿಬಿಟ್ಟಿರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಸಾಕಣೆದಾರರು, ಆರು ವಾರಗಳಿಂದ ವಾರಕ್ಕೆರಡು ಬಾರಿ ಔಷಧಿ ಸುರಿಯುತ್ತಿದ್ದೇನೆ, ಸಾವು ನಿಲ್ಲುತ್ತಿಲ್ಲ ಎಂದು ಕರೆಸಿದ್ದರು. ದೋಣಿಯಲ್ಲಿ ಕುಳಿತೇ ಒಂದು ಮೀನಿನ ಮುಚ್ಚಳ ಎತ್ತಿದಾಗ ಕಿವಿರು ಬೇಯಿಸಿದ ಹಾಗೆ ಬಿಳಿಚಿಕೊಂಡಿತ್ತು, ಮೊದಲ ಕಮಾನಿನ ಮೇಲೆಯೇ ಒಂಬತ್ತು ಜೀವಿಗಳು ಸಾಲಾಗಿ ಕುಳಿತಿದ್ದವು. ಆ ಆರು ವಾರಗಳಲ್ಲಿ ಯಾರೊಬ್ಬರೂ ಮುಚ್ಚಳ ಎತ್ತಿ ನೋಡಿರಲಿಲ್ಲ. ಆ ಮನೆಯವರು ಮೀನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನೋಡುತ್ತ ನಿಂತದ್ದು ನನಗೆ ಇನ್ನೂ ನೆನಪಿದೆ.

ಎರಡನೆಯದು ಡಿಪ್ಲೆಕ್ಟಾನಿಡ್ ಗುಂಪಿನ ಚಪ್ಪಟೆ ಹುಳುಗಳು. ಇವು ಕಣ್ಣಿಗೆ ಕಾಣುವುದು ಕಷ್ಟ. ಸೂಕ್ಷ್ಮದರ್ಶಕದಲ್ಲಿ ಜಿಗಣೆಯಂತೆ ಉದ್ದವಾಗುತ್ತ ಮುದುಡುತ್ತ, ಹಿಂತುದಿಯ ಕೊಕ್ಕೆಗಳಿಂದ ಎಳೆಗೆ ಕಚ್ಚಿಕೊಂಡಿರುತ್ತವೆ, ಕಿವಿರಿನ ಮೇಲೆ ಲೋಳೆ ವಿಪರೀತವಾಗಿರುತ್ತದೆ. ಮೂರನೆಯದು ಏಕಕೋಶ ಜೀವಿಗಳ ಬಳಗ: ಟ್ರೈಕೋಡೈನಾ, ಅಮೈಲೋಡೀನಿಯಂ, ಉಪ್ಪುನೀರಿನ ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್. ಇನ್ನು ಕಿವಿರಿನ ಕುಳಿಯಲ್ಲಿ ಕೂರುವ ದೊಡ್ಡ ಐಸೋಪಾಡ್ ಹೇನು ಸಿಕ್ಕಿದರೆ ಚಿಮಟದಿಂದ ತೆಗೆದರಾಯಿತು.

ಎಲ್ಲಕ್ಕೂ ಮೊದಲು, ಇದು ಬರಿಯ ಆಮ್ಲಜನಕದ ಕೊರತೆಯೇ ಎಂದು ತಿಳಿಯಬೇಕು. 12 ಡಿಗ್ರಿಯ ಸಮುದ್ರದ ನೀರು ಒಂದು ಲೀಟರಿನಲ್ಲಿ ಎಂಟೂವರೆ ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 6.2ಕ್ಕೆ ಇಳಿಯುತ್ತದೆ. ಅಂದರೆ ಸಾಲ್ಮನ್ ತಡೆದುಕೊಳ್ಳುವಷ್ಟು ಕಿವಿರಿನ ಹಾನಿಯನ್ನು ನಮ್ಮ ಬೇಸಿಗೆಯ ಮೀನು ತಡೆದುಕೊಳ್ಳಲಾರದು. ಬೆಳಗಿನ ಜಾವ ಎಲ್ಲ ಮೀನುಗಳೂ ಒಟ್ಟಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದು, ಬಿಸಿಲೇರಿದ ಮೇಲೆ ಅಥವಾ ಉಬ್ಬರದ ನೀರು ಬಂದ ಮೇಲೆ ಸರಿಹೋದರೆ ಅದು ಆಮ್ಲಜನಕದ ವಿಷಯ. ಮಧ್ಯಾಹ್ನವೂ, ನೀರಿನ ಒಳ್ಳೆಯ ಓಟವಿರುವಾಗಲೂ, ಕೆಲವು ಮೀನುಗಳು ಮಾತ್ರ ಅಂಚಿನಲ್ಲಿ ಮುಚ್ಚಳ ಅಗಲಿಸಿ ನಿಂತಿದ್ದರೆ ತೊಂದರೆ ಕಿವಿರಿನಲ್ಲಿದೆ. ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ನೀರಿನ ಓಟ ಜೋರು, ಅಷ್ಟಮಿಯ ಆಚೀಚೆ ಮಂದ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಾವಿನ ಲೆಕ್ಕದ ಪಕ್ಕದಲ್ಲಿ ತಿಥಿಯನ್ನೂ ಬರೆದಿಡಿ.

ನೋಡುವ ಕ್ರಮದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹೆಚ್ಚು ತಪ್ಪುಗಳಾಗುತ್ತವೆ, ನನ್ನಿಂದಲೂ ಆಗಿದೆ. ಬೆಳಿಗ್ಗೆ ಸತ್ತ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಮಧ್ಯಾಹ್ನ ತಂದುಕೊಟ್ಟಾಗ ಕಿವಿರು ನೋಡಿ, ಏನೂ ಇಲ್ಲ ಎಂದು ವರದಿ ಬರೆದು ಕಳಿಸಿದ್ದೆ. ಮಾರನೆಯ ವಾರ ಅದೇ ಪಂಜರದ ಜೀವಂತ ಮೀನಿನಲ್ಲಿ ಟ್ರೈಕೋಡೈನಾ ಕಿಕ್ಕಿರಿದಿತ್ತು. ಮೀನು ಸತ್ತ ಕೂಡಲೇ ಏಕಕೋಶ ಜೀವಿಗಳು ಅದನ್ನು ಬಿಟ್ಟು ಹೋಗುತ್ತವೆ, ಕಿವಿರಿನ ಚರ್ಮವೂ ಬಹುಬೇಗ ಸುಲಿಯತೊಡಗುತ್ತದೆ. ಆದ್ದರಿಂದ ರೋಗ ಲಕ್ಷಣವಿರುವ, ಆದರೆ ಈಜುತ್ತಿರುವ ಮೀನು ಬೇಕು. ಹತ್ತು ಲೀಟರ್ ಪಂಜರದ ನೀರಿಗೆ ಸುಮಾರು ಅರ್ಧ ಮಿಲಿಲೀಟರ್ ಲವಂಗದ ಎಣ್ಣೆಯನ್ನು ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಸಿ ಹಾಕಿದರೆ ಮೀನು ಕೆಲವು ನಿಮಿಷಗಳಲ್ಲಿ ಮಂಕಾಗುತ್ತದೆ. ಆ ಮೀನನ್ನು ಮಾರಬೇಡಿ, ತಿನ್ನಲೂ ಬೇಡಿ. ಮುಚ್ಚಳ ಎತ್ತಿ ಎಂಟೂ ಕಮಾನುಗಳನ್ನು ಬಿಸಿಲಿನ ಬೆಳಕಿನಲ್ಲಿ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಸೂಕ್ಷ್ಮದರ್ಶಕ ಲಭ್ಯವಿದ್ದರೆ ಎಳೆಗಳ ತುದಿಯನ್ನು ಕತ್ತರಿಸಿ ಗಾಜಿನ ಮೇಲೆ ಪಂಜರದ ನೀರಿನ ಹನಿಯಲ್ಲಿಯೇ ಇಡಿ. ನಲ್ಲಿಯ ಸಿಹಿನೀರು ಹಾಕಿದರೆ ನೀವು ಹುಡುಕುತ್ತಿರುವ ಜೀವಿಯೇ ಗಾಜಿನ ಮೇಲೆ ಒಡೆದುಹೋಗುತ್ತದೆ.

ಚಪ್ಪಟೆ ಹುಳು ಅಥವಾ ಟ್ರೈಕೋಡೈನಾ ಸಿಕ್ಕಿದರೆ ಸಿಹಿನೀರಿನ ಸ್ನಾನ ಒಳ್ಳೆಯ ಚಿಕಿತ್ಸೆ. ಕುರುಡಿ ಸಿಹಿನೀರು ಉಪ್ಪುನೀರು ಎರಡರಲ್ಲೂ ಬದುಕುವ ಮೀನಾದ್ದರಿಂದ ಈ ವಿಷಯದಲ್ಲಿ ನೀವು ಅದೃಷ್ಟವಂತರು. ಹಿಂದಿನ ದಿನ ಮೇವು ನಿಲ್ಲಿಸಿ. ಸಾವಿರ ಲೀಟರಿನ ತೊಟ್ಟಿಗೆ 20 ಕಿಲೋಗಿಂತ ಹೆಚ್ಚು ಮೀನು ಬೇಡ. ತೊಟ್ಟಿಯ ನೀರು ಪಂಜರದ ನೀರಿಗಿಂತ ಒಂದೆರಡು ಡಿಗ್ರಿಗಿಂತ ಹೆಚ್ಚು ಬಿಸಿಯೂ ಆಗಿರಬಾರದು, ತಂಪೂ ಆಗಿರಬಾರದು. ಏರೇಟರ್ ನಿರಂತರ ಓಡುತ್ತಿರಬೇಕು. ನಗರಸಭೆಯ ನೀರಾದರೆ ಗಾಳಿ ಬಿಡುತ್ತ ಒಂದು ಹಗಲು ರಾತ್ರಿ ಇಟ್ಟು ಕ್ಲೋರಿನ್ ಕಳೆಯಿರಿ. ತೀರದ ಬಾವಿಯ ನೀರು ಬೇಸಿಗೆಯಲ್ಲಿ ಸವುಳಾಗಿರುವುದರಿಂದ ರಿಫ್ರಾಕ್ಟೋಮೀಟರ್‌ನಿಂದ ಉಪ್ಪಿನಂಶ ಅಳೆಯದೆ ಬಳಸಬೇಡಿ. ಮೊದಲು ಹತ್ತು ಮೀನುಗಳನ್ನು ಮಾತ್ರ 10–15 ನಿಮಿಷ ಇಟ್ಟು, ಒಂದು ದಿನ ಕಾದು, ನಂತರ ಉಳಿದವನ್ನು ಮಾಡಿ. ಮೀನು ಮಗುಚಿಕೊಂಡರೆ ತಕ್ಷಣ ಹೊರತೆಗೆಯಿರಿ. ಸ್ನಾನವಾದ ಮೀನು ಹೊಸ ಬಲೆಗೆ ಹೋಗಬೇಕು, ಏಕೆಂದರೆ ಈ ಹುಳುಗಳ ಮೊಟ್ಟೆಗೆ ಸ್ನಾನ ತಾಗುವುದಿಲ್ಲ, ಪಾಚಿ ಕಟ್ಟಿದ ಹಳೆಯ ಬಲೆಗೆ ಅವು ಸಿಕ್ಕಿಕೊಂಡು ಬೆಚ್ಚನೆಯ ನೀರಿನಲ್ಲಿ ಕೆಲವೇ ದಿನಗಳಲ್ಲಿ ಒಡೆದು ಮರಿಯಾಗುತ್ತವೆ. ಒಂದು ವಾರದ ನಂತರ ಎರಡನೆಯ ಸ್ನಾನ ತಪ್ಪಿಸಬೇಡಿ. ತೊಟ್ಟಿಯ ನೀರನ್ನು ಪಂಜರದ ಪಕ್ಕ ಚೆಲ್ಲದೆ ದಡದ ಮೇಲೆ ಚೆಲ್ಲಿ.

ಲರ್ನಾಂತ್ರೋಪಸ್‌ಗೆ ಇಷ್ಟು ಸುಲಭದ ಪರಿಹಾರವಿಲ್ಲ. ಅದು ಬಲವಾಗಿ ಕಚ್ಚಿಕೊಂಡಿರುವುದರಿಂದ ಚಿಕ್ಕ ಸ್ನಾನಕ್ಕೆ ಬಗ್ಗುವುದಿಲ್ಲ. ಹೆಚ್ಚು ಬಾಧೆಗೊಂಡ ಮೀನುಗಳನ್ನು ಬೇರ್ಪಡಿಸಿ, ಸಾಂದ್ರತೆ ಕಡಿಮೆ ಮಾಡಿ, ಮಾರಾಟದ ತೂಕಕ್ಕೆ ಬಂದದ್ದನ್ನು ಬೇಗ ಹಿಡಿಯುವುದೇ ಲೇಸು. ಕ್ರಿಪ್ಟೋಕ್ಯಾರಿಯಾನ್ ಚರ್ಮದ ಪದರದ ಕೆಳಗೆ ಅಡಗಿರುವುದರಿಂದ ಅದಕ್ಕೂ ಸಿಹಿನೀರು ಸರಿಯಾಗಿ ತಲುಪದು. ಅದು ಕೆಲವು ದಿನ ಮೀನಿನಲ್ಲಿದ್ದು, ಉದುರಿ ತಳಕ್ಕೆ ಸೇರಿ, ಗಟ್ಟಿ ಕೋಶದೊಳಗೆ ಒಡೆದು ಹೊಸ ಮರಿಗಳನ್ನು ಬಿಡುತ್ತದೆ. ಹೀಗಾಗಿ ಬಲೆಯ ತಳ ಹೊಳೆಯ ತಳಕ್ಕೆ ತಾಗುವಷ್ಟು ಹತ್ತಿರವಿರುವ ಪಂಜರಗಳಲ್ಲಿ ಅದರ ಹಾವಳಿ ಹೆಚ್ಚು. ಇಳಿತದ ಹೊತ್ತಿನಲ್ಲಿ ನಿಮ್ಮ ಬಲೆಯ ಕೆಳಗೆ ಎಷ್ಟು ನೀರು ಉಳಿಯುತ್ತದೆ ಎಂದು ಒಂದು ಕೋಲು ಇಳಿಸಿ ಅಳೆಯಿರಿ. ಮೊಣಕಾಲುದ್ದವೂ ಇಲ್ಲದಿದ್ದರೆ ಪಂಜರವನ್ನು ಆಳಕ್ಕೆ ಎಳೆಯಬೇಕು.

ಫಾರ್ಮಲಿನ್ ವಿಷಯ. ಅದು ನೀರಿನ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ, ಕಿವಿರಿನ ಚರ್ಮವನ್ನು ಸುಡುತ್ತದೆ, ಬಳಸುವವರ ಆರೋಗ್ಯಕ್ಕೂ ಅಪಾಯಕಾರಿ, ಕ್ಯಾನ್ಸರ್‌ಕಾರಕವೆಂದು ಗುರುತಿಸಲಾದ ರಾಸಾಯನಿಕ. ತೆರೆದ ಪಂಜರಕ್ಕೆ ಸುರಿದ ಔಷಧಿ ಓಟದ ನೀರಿನೊಂದಿಗೆ ಕ್ಷಣದಲ್ಲಿ ಹೊರಟುಹೋಗುವುದರಿಂದ ಪರಾವಲಂಬಿಗೆ ತಾಗುವಷ್ಟು ಹೊತ್ತು ಅಲ್ಲಿ ನಿಲ್ಲುವುದೂ ಇಲ್ಲ. ಮೈಲುತುತ್ತವೂ ಹಾಗೆಯೇ. ಹೊರಟುಹೋದ ಔಷಧಿ ತಲುಪುವುದು ಕೆಳಗಿನ ಮರಳಿನಲ್ಲಿರುವ ಚಿಪ್ಪಿಗಳಿಗೆ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಅವುಗಳನ್ನು ಆಯುವ ಹೆಂಗಸರ ಮನೆಯ ಅನ್ನದ ತಟ್ಟೆಗೆ. ಇದು ಮಾಡಲೇಬಾರದ ಕೆಲಸ.

ನೀವು ಮೇವಾಗಿ ಹಸಿ ತಾರ್ಲೆ ಮೀನು ಕತ್ತರಿಸಿ ಹಾಕುತ್ತಿದ್ದರೆ, ಏದುಸಿರು ಇರುವ ದಿನಗಳಲ್ಲಿ ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ತಿನ್ನದೆ ಉಳಿದ ಚೂರು ಕೊಳೆತು ಇರುವ ಆಮ್ಲಜನಕವನ್ನೂ ತಿನ್ನುತ್ತದೆ. ಸತ್ತ ಮೀನನ್ನು ದಿನಕ್ಕೆರಡು ಬಾರಿ ಎತ್ತಿ ದಡದಲ್ಲಿ ಹೂಳಿರಿ, ಹೊಳೆಗೆ ಎಸೆಯಬೇಡಿ. ಒಂದು ಪಂಜರದ ಕೈಬಲೆಯನ್ನು ಒಣಗಿಸದೆ ಇನ್ನೊಂದಕ್ಕೆ ಅದ್ದಬೇಡಿ.

ಹೀಗೆ ಮುಚ್ಚಳ ಎತ್ತಿ ನೋಡಿದ ಮೇಲೂ ಏನೆಂದು ತಿಳಿಯದಿದ್ದರೆ, ಮೂರು ರೋಗಿ ಮೀನುಗಳನ್ನೂ ಹೋಲಿಕೆಗಾಗಿ ಒಂದು ಚುರುಕಾದ ಮೀನನ್ನೂ ಪಂಜರದ್ದೇ ನೀರು ಮತ್ತು ಆಮ್ಲಜನಕ ತುಂಬಿದ ಚೀಲಗಳಲ್ಲಿ, ಸತ್ತವುಗಳ ಲೆಕ್ಕದ ನೋಟ್‌ಬುಕ್ ಸಮೇತ, ಕಾರವಾರದಲ್ಲಿಯೇ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ಒಯ್ಯಿರಿ. ಬಿಸಿಲೇರುವ ಮೊದಲೇ ಹೊರಡಿ, ಚೀಲಗಳ ಮೇಲೆ ಒದ್ದೆ ಗೋಣಿ ಹೊದಿಸಿ.